ಎಳೆ ಹಚ್ಚುವ ಕೈ

‘ಹಚ್ಚು’ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಮ್ಮ ಕಡೆ ಅದಿಲ್ಲದೆ ಯಾರ ಕೆಲಸವೂ ನಡೆಯುವುದಿಲ್ಲ. ಹಿಪ್ಪರಗಿಯ ಹೊಳೆದಂಡೆಯ ರೈತರು ಕಬ್ಬು ಹಚ್ಚುತ್ತಾರೆ, ಮುಧೋಳದವರು ಮೊಲದ ಬೆನ್ನಿಗೆ ನಾಯಿ ಹಚ್ಚುತ್ತಾರೆ. ಬೀರೇಶ್ವರನ ಪೂಜಾರಿ ಹಣೆಗೆ ಅರಿಸಿನದ ಭಂಡಾರ ಹಚ್ಚುತ್ತಾನೆ. ಜಮಖಂಡಿ ಕಚೇರಿಯ ಕಾರಕೂನನಂತೂ ಅರ್ಜಿಗೆ ತಿಕೀಟು ಹಚ್ಚದಿದ್ದರೆ ತಲೆಯೆತ್ತಿ ನಿಮ್ಮ ಮುಖ ನೋಡುವುದಿಲ್ಲ. ನಮ್ಮ ಓಣಿಯ ಹೆಂಗಸರಿಗೆ ಇದ್ಯಾವುದೂ ಬೇಕಿರಲಿಲ್ಲ. ಒಂದಕ್ಕೆರಡು ಹಚ್ಚಿ ಹೇಳಿದರೆ ಅವರ ಹೊತ್ತು ಹೋಗುತ್ತಿತ್ತು. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಮಾತ್ರ ಹಚ್ಚುವುದೆಂದರೆ ಎಳೆ ಹಚ್ಚುವುದು, ಅಷ್ಟೇ.

ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆಗಳ ಸಾಲು, ಮುಗಿದಾಗ ಹಳೆಯ ಎಳೆಗಳ ತುದಿಗಳನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಒಂದೊಂದು ತುದಿಗೆ ಕೂಡಿಸಿ ಬೆರಳಲ್ಲಿ ಹೊಸೆಯಬೇಕು. ಗಂಟು ಹಾಕಿದರೆ ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಒಣ ಬೂದಿ ಮುಟ್ಟಿಸಿಕೊಂಡು ಹೊಸೆದರೆ ಮಾತ್ರ ಎಳೆ ಎಳೆಯನ್ನು ಹಿಡಿಯುತ್ತದೆ. ಸಾವಿರಾರು ಎಳೆ. ಅದು ಹೆಣ್ಣುಮಕ್ಕಳ ಪಾಲಿನ ಕೆಲಸ. ಸೀರೆ ನೇಯ್ದು ಹೆಸರು ತೆಗೆದುಕೊಳ್ಳುವುದು ಗಂಡಸರ ಪಾಲಿನದು.

ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ನಾನು ದೊಡ್ಡಪ್ಪನ ಮನೆಯಲ್ಲಿದ್ದೆವು. ಅವ್ವ ಹಚ್ಚಿದ ಹಾಸಿನಲ್ಲಿ ಒಂದು ಎಳೆಯೂ ಬಿಡುವುದಿಲ್ಲ ಎಂದು ಓಣಿಯೆಲ್ಲ ಹೇಳುತ್ತಿತ್ತು. ಅವಳಿಗೆ ಇದ್ದ ಮರ್ಯಾದೆ ಅದೊಂದೇ. ನನ್ನ ಕೈಯೂ ಅವಳದರಂತೆ ಚುರುಕಾಗಿತ್ತು, ಅದೇ ನನ್ನ ಗ್ರಹಚಾರ.

ಆಗಿನ್ನೂ ನಾವು ಮುಂಬೈ ರಾಜ್ಯದವರು. ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದರೆ ಶಾಲೆಯಲ್ಲಿ ಕಲಿಸುವ ನೌಕರಿ ಸಿಗುತ್ತಿತ್ತು. ಆ ಮನೆಯಿಂದ ಹೊರಬೀಳಲು ನನಗೆ ಬೇರೆ ದಾರಿ ಇರಲಿಲ್ಲ. ಮಾಸ್ತರರು ಮನೆಗೇ ಬಂದರು.

“ಹುಡುಗಿ ಭಾಳ ಹುಷಾರ ಅದಾಳ್ರಿ. ಮುಲ್ಕಿಗೆ ಹೆಸರ ಹಚ್ಚೇನಿ. ಜಮಖಂಡಿಗೆ ಕಳಸರಿ.”

ದೊಡ್ಡಪ್ಪ ಲಾಳಿ ನಿಲ್ಲಿಸಲಿಲ್ಲ. “ಹಚ್ಚರಿ. ಹೆಸರಿಗೆ ಯಾರ ಬ್ಯಾಡ ಅಂದಾರ? ಕೈ ಇಲ್ಲೇ ಇರ್ಲಿ.”

ಬೇಕೆಂದೇ ಪರೀಕ್ಷೆಯ ಹಿಂದಿನ ದಿನ ಹೊಸ ಹಾಸು ತಂದಿಟ್ಟ. ಸಂಜೆಗೆ ಇದು ಮುಗಿದರೆ ಮುಂಜಾನೆ ಇನ್ನೊಂದು ಮಗ್ಗದ್ದು ಇದೆ ಎಂದ. ಆ ಮನುಷ್ಯ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಕೆಲಸ ಕೊಟ್ಟೇ ಕೊಲ್ಲುತ್ತಿದ್ದ. ನನಗೆ ಅವನ ಮೇಲೆ ಎಷ್ಟು ದ್ವೇಷವಿತ್ತೆಂದರೆ ಅವನ ಕೆಮ್ಮು ಕೇಳಿದರೂ ಹಲ್ಲು ಕಡಿಯುತ್ತಿದ್ದೆ. ಹಾಸು ಕೆಟ್ಟರೆ ಇವಳ ಕೈ ಕೆಲಸಕ್ಕೆ ಬಾರದ್ದೆಂದು ಅವನೇ ಎಬ್ಬಿಸಿ ಓಡಿಸುತ್ತಾನೆ ಎಂದು ಲೆಕ್ಕ ಹಾಕಿದೆ.

ತಲೆಗೆ ಕುಸುಬಿ ಎಣ್ಣೆ ಸುರಿದುಕೊಂಡು ಜಡೆ ಹಾಕಿ ಅವ್ವನ ಪಕ್ಕದಲ್ಲಿ ಕೂತೆ. ಬಲಬದಿ ಅವಳದು, ಎಡಬದಿ ನನ್ನದು. ಕೆರೆತ ಬಂದವಳಂತೆ ಆಗಾಗ ಕೈಯನ್ನು ಜಡೆಗೆ ಒಯ್ದು ಎಳೆ ಹೊಸೆದೆ. ಅವ್ವ ಬೂದಿಯ ತಟ್ಟೆ ನನ್ನ ಕಡೆ ಸರಿಸುತ್ತಲೇ ಇದ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ದೊಡ್ಡಪ್ಪ ಬಂದು ಹಾಸನ್ನು ಮೆಲ್ಲಗೆ ಎಳೆದ. ಅವ್ವನ ಬದಿ ನಿಂತಿತು. ನನ್ನ ಬದಿ ಪೂರ್ತಿ ಜಾರಿ ನೆಲಕ್ಕೆ ಬಿತ್ತು. ಅವನು ನಾಲ್ಕು ಎಳೆ ಎತ್ತಿ ಮೂಸಿ, ಅವ್ವನ ಮೂಗಿನ ಮುಂದೆಯೂ ಹಿಡಿದ.

“ನಿನ್ನ ಮಗಳ ಎಣ್ಣಿ. ಮುಂಜಾನಿ ಈ ಮಗ್ಗ ನಡೀಬೇಕ. ಯಾರ ಹಚ್ಚತೀರೋ ಹಚ್ಚರಿ.”

ಇಷ್ಟು ಹೇಳಿ ಹೊರಗೆ ಹೋದ. ನನ್ನ ಬದಿಯ ಎಳೆಗಳು ಅವ್ವನ ತಲೆಗೆ ಬರುತ್ತವೆ ಎನ್ನುವುದು ನನಗೆ ಹೊಳೆದಿರಲೇ ಇಲ್ಲ. ಬಾಗಿಲಲ್ಲಿ ಓಣಿಯ ಹೆಂಗಸರು ಆಗಲೇ ಬಂದು ನಿಂತಿದ್ದರು. ಅವ್ವ ಹಚ್ಚಿದ ಹಾಸು ಜಾರಿತಂತೆ ಎನ್ನುವುದು ಅವರಿಗೆ ಹಬ್ಬದೂಟಕ್ಕಿಂತ ಹೆಚ್ಚು. ನಾನು ಬೂದಿಗೆ ಕೈ ಹಾಕಿದೆ. ಅವ್ವ ನನ್ನ ಕೈಯನ್ನು ತಳ್ಳಿದಳು.

“ಮುಟ್ಟಬ್ಯಾಡ. ನಾಳೆ ಜಮಖಂಡಿಗೆ ನಡಿ. ಇಲ್ಲಿ ನಿನಗ ಇನ್ನ ಕೆಲಸಿಲ್ಲ.”

ಬೆಳಗಿನ ಬಸ್ಸಿಗೆ ನಾನು ಹೊರಟಾಗ ಅವಳು ಮಗ್ಗದ ಮುಂದೆಯೇ ಇದ್ದಳು, ಎಣ್ಣೆ ಹಿಡಿದ ತುದಿಗಳನ್ನು ಒಂದೊಂದಾಗಿ ಕತ್ತರಿಸಿ ಹಚ್ಚುತ್ತಿದ್ದಳು. ಹೋಗುತ್ತೇನೆ ಎಂದೆ. ಅವಳು ಮುಂದಿನ ತುದಿಗೆ ಕತ್ತರಿ ಹಾಕಿದಳು.

ಪಾಸಾದೆ. ಬೀಳಗಿ ಕಡೆಯ ಒಂದು ಶಾಲೆಯಲ್ಲಿ ನೌಕರಿ ಸಿಕ್ಕಿತು. ಬಾಡಿಗೆಗೆ ಎರಡು ಕೋಣೆ ಹಿಡಿದು ಅವ್ವನನ್ನು ಕರೆಯಲು ಬನಹಟ್ಟಿಗೆ ಹೋದೆ. ಆ ಕೆಟ್ಟ ಮನುಷ್ಯನ ಮನೆಯಲ್ಲಿ ಯಾಕೆ ಸಾಯುತ್ತೀ ಎಂದು ಅವನಿಗೆ ಕೇಳುವಂತೆಯೇ ಕೂಗಾಡಿದೆ. ಅವ್ವ ಚಹಾಕ್ಕೆ ನೀರಿಟ್ಟು ನನ್ನ ಕಡೆ ತಿರುಗಿದಳು.

“ಆಂವ ಕೆಟ್ಟಾಂವ, ಖರೆ. ಆದ್ರ ಆಂವ ಎದರಿಗೆ ನಿಂತು ಕೆಡಿಸ್ತಾನ. ನೀ ನನ್ನ ಮಗ್ಗಲಕ ಕೂತು ಕೆಡಿಸಿದಿ.”

ಚಹಾ ಮಾಡಿಕೊಟ್ಟಳು. ಕುಡಿದು, ಒಬ್ಬಳೇ ಬಸ್ಸು ಹತ್ತಿದೆ.