ಹೆಸರಿಗೆ ಬಿದ್ದ ಏಟು

ಮೇಮೆ ಫೋಯಿಬೆಗೆ ಕೋಪ ಮೂಗಿನ ತುದಿಯಲ್ಲಿ ಎಂದು ಊರವರು ಹೇಳುತ್ತಾರೆ. ಸುಳ್ಳು. ಮೂಗಿನ ತುದಿಯಲ್ಲಿದ್ದರೆ ಸೀನಿದಾಗಲಾದರೂ ಉದುರಿಹೋಗುತ್ತಿತ್ತು. ಅವಳ ಕೋಪ ಹೊಟ್ಟೆಯೊಳಗೆ ಬಿಡಾರ ಹೂಡಿತ್ತು. ಅದಕ್ಕೆ ಉಣ್ಣಿಸಿ ಸಾಕಿದವಳೂ ಅವಳೇ.

ಓಷಾಕಾಟಿ ಪೇಟೆಗೆ ಹೋಗುವ ರಸ್ತೆಯಿಂದ ಒಳಗೆ, ಮಳೆಗಾಲದಲ್ಲಿ ನೀರು ನಿಲ್ಲುವ ಬಯಲಿನ ಅಂಚಿನಲ್ಲಿದ್ದ ಆ ಶಾಲೆಯಲ್ಲಿ ಒಂದನೇ ಕ್ಲಾಸು ಎಂದರೆ ಫೋಯಿಬೆ, ಫೋಯಿಬೆ ಎಂದರೆ ಒಂದನೇ ಕ್ಲಾಸು. ಗಂಡನಿಲ್ಲ, ಮಕ್ಕಳಿಲ್ಲ, ಆ ಕೋಣೆ ಬಿಟ್ಟರೆ ಅವಳಿಗೆ ಲೋಕವೇ ಇಲ್ಲ. ಬೆಳಗ್ಗೆ ಬಂದ ಮಕ್ಕಳು ಮೊಪಾನೆ ಮರದ ಸೊಪ್ಪಿನ ಬರಲು ಹಿಡಿದು ಅಂಗಳದ ಮರಳು ಗುಡಿಸಬೇಕು, ಸಾಲಾಗಿ ನಿಂತು "ವಾಲೆಲೆಪೋ, ಮೇಮೆ" ಎಂದು ನಮಸ್ಕಾರ ಹೇಳಬೇಕು, ಉಗುರು ತೋರಿಸಬೇಕು. ಹೆಂಗಸರಿಗೆ ಮೇಮೆ, ಗಂಡಸರಿಗೆ ತಾತೆ ಎನ್ನುವುದು ನಮ್ಮ ಕಡೆಯ ಮರ್ಯಾದೆ. ಆಮೇಲೆ ಮರಳಲ್ಲಿ ಬೆರಳಿಟ್ಟು ಅಕ್ಷರ ತಿದ್ದುವುದು, ಮರೂಲಾ ಹಣ್ಣಿನ ಬೀಜ ಜೋಡಿಸಿ ಕೂಡುವುದು, ಕಳೆಯುವುದು. ಮರದಡಿ ದೊಡ್ಡ ಹಂಡೆಯಲ್ಲಿ ಗಂಜಿ ಕುದಿಯುವ ವಾಸನೆ ಬಂದರೂ ಯಾರೂ ಮಿಸುಕುವಂತಿಲ್ಲ. ಕಲಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ಆದರೆ ಬಾಯಿಗಿಂತ ಕೈ ಮುಂದು. ಮಕ್ಕಳಿಗೆ ಹೊಡೆಯಬಾರದು ಎಂದು ಸರ್ಕಾರ ಕಾಯಿದೆ ಮಾಡಿ ಎಷ್ಟೋ ಕಾಲವಾಗಿತ್ತು. ಆ ಸುದ್ದಿ ಅವಳ ಕೈಗೆ ಮಾತ್ರ ಮುಟ್ಟಿರಲಿಲ್ಲ. ಎರಡನೆಯ ದೂರು ಬಂದ ದಿನ ಹೆಡ್‌ಮಾಸ್ಟರ್ ತಾತೆ ಹೈಂಬೋದಿ ಕರೆದು ಹೇಳಿದ್ದ.

"ಮೇಮೆ, ಇನ್ನೊಂದ್ಸಲ ಮಗು ಮೇಲೆ ಕೈ ಬಿತ್ತೋ, ಒಂದನೇ ಕ್ಲಾಸು ಕೈ ಬಿಡ್ತು ಅಂತ್ಲೇ ತಿಳ್ಕೊಳ್ಳಿ. ಪುಸ್ತಕದ ಉಗ್ರಾಣದಲ್ಲಿ ಕೂರಿಸಿಬಿಡ್ತೀನಿ. ಅಲ್ಲಿ ಧೂಳಿಗೆ ಹೊಡ್ಕೊಂಡಿರಿ, ಯಾರೂ ಕೇಳಲ್ಲ."

ಅಂದಿನಿಂದ ಫೋಯಿಬೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಪಾಠ ಮಾಡುತ್ತಿದ್ದಳು. ಉಗ್ರಾಣಕ್ಕೆ ಹೋಗುವುದಕ್ಕಿಂತ ಸಾಯುವುದು ಮೇಲು ಎಂದು ಅವಳು ನಂಬಿದ್ದಳು.

ಪಕ್ಕದ ಕೋಣೆಯಲ್ಲಿ ಎರಡನೇ ಕ್ಲಾಸಿನ ಮೇಮೆ ರೌನಾ. ಇಬ್ಬರದೂ ಹಾವು ಮುಂಗುಸಿಯ ನಂಟು. ಜಗಳಕ್ಕೆ ನೂರು ಕಾರಣ ಹೇಳುತ್ತಿದ್ದರು: ಸೀಮೆಸುಣ್ಣ, ಕುರ್ಚಿ, ಗಂಜಿಯ ಸರದಿ. ಅದೆಲ್ಲ ನೆಪ. ನಿಜವಾದ ಉರಿ ಬೇರೆ. ನಮ್ಮ ಕಡೆ ಕೂಸು ಹುಟ್ಟಿದರೆ ಅಪ್ಪನಾದವನು ತಾನು ಮೆಚ್ಚಿದ ಒಬ್ಬರ ಹೆಸರಿಡುತ್ತಾನೆ. ಹೆಸರು ಕೊಟ್ಟವರೂ ಕೂಸೂ ಅವತ್ತಿನಿಂದ ಒಬ್ಬರಿಗೊಬ್ಬರು ಎಂಬುಶೆ. ಹೆಸರಿನ ಜೊತೆ ಗುಣವೂ ಬರುತ್ತದೆ. ಕೂಸಿಗೆ ಬೈದರೆ ಹಿರಿಯರಿಗೆ ಬೈದ ಹಾಗೆ, ಕೂಸನ್ನು ಮುದ್ದಿಸಿದರೆ ಅವರನ್ನು ಮುದ್ದಿಸಿದ ಹಾಗೆ. ನಗುನಗುತ್ತಾ ಊರೆಲ್ಲ ಓಡಾಡುವ ರೌನಾಗೆ ಕೇರಿಗೊಬ್ಬಳು ಎಂಬುಶೆ ಇದ್ದಳು. ಅರ್ಧ ಊರಿಗೆ ಅಕ್ಷರ ಕಲಿಸಿದ ಫೋಯಿಬೆಗೆ? ಒಬ್ಬಳೂ ಇಲ್ಲ. ಸುತ್ತಲಿನ ಯಾವ ಮನೆಯಲ್ಲೂ ಫೋಯಿಬೆ ಎಂದು ಕೂಗಿದರೆ ತಿರುಗಿ ನೋಡುವ ಕೂಸಿರಲಿಲ್ಲ. ಯಾವ ಹೆಂಗಸಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ ಹೇಳಿ!

ಆ ವರ್ಷ ಫಿಲೆಮೋನ್ ಎಂಬ ಲಾರಿ ಡ್ರೈವರ್ ತನ್ನ ಮಗಳನ್ನು ಒಂದನೇ ಕ್ಲಾಸಿಗೆ ತಂದು ಬಿಟ್ಟ. ಇದೇ ಫಿಲೆಮೋನ್‌ನ ಬೆರಳು ಹಿಡಿದು ಇದೇ ಮರಳಲ್ಲಿ ಫೋಯಿಬೆ ಅಕ್ಷರ ತಿದ್ದಿಸಿದ್ದಳು. ಮಗಳ ಹೆಸರು ರೌನಾ. ಎರಡನೇ ಕ್ಲಾಸಿನ ರೌನಾಳೇ ಅವಳ ಎಂಬುಶೆ.

ಫೋಯಿಬೆಯ ನಾಲಗೆ ಆ ಹೆಸರಿಗೆ ಹೊರಳಲೇ ಇಲ್ಲ. ಉಳಿದ ಮಕ್ಕಳನ್ನೆಲ್ಲ ಹೆಸರು ಹಿಡಿದು ಕರೆಯುವವಳು ಇವಳನ್ನು ಮಾತ್ರ "ಏ ಕಿಟಕಿ ಪಕ್ಕದವಳೇ" ಎನ್ನುತ್ತಿದ್ದಳು. ಮಗು ಕೈ ಎತ್ತಿದರೆ ಕಾಣದು, ಸರಿಯುತ್ತರ ಹೇಳಿದರೆ ಕೇಳದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಅದೇ. ಹಿರಿಯ ರೌನಾ ಏನು ಕಮ್ಮಿಯೇ? ಗಂಜಿಯ ಹೊತ್ತಿಗೆ ಬಂದು ಬಾಗಿಲಿಗೊರಗಿ ನಿಂತು ಮಗುವನ್ನು ಕೇಳುತ್ತಿದ್ದಳು.

"ಎಂಬುಶೆ, ಹೆಂಗಿದೀನಿ ನಾನು ಈ ಕ್ಲಾಸಲ್ಲಿ? ಚೆನ್ನಾಗಿ ನೋಡ್ಕೊತಿದಾರಾ ನನ್ನ?"

"ನಿನ್ನ ಕ್ಲಾಸಲ್ಲಿ ಮಕ್ಕಳು ಕೋತಿ ಕುಣ್ದಂಗೆ ಕುಣೀತಿವೆ, ಮೊದ್ಲು ಅವನ್ನ ನೋಡ್ಕೋ ಹೋಗು" ಎನ್ನುತ್ತಿದ್ದಳು ಫೋಯಿಬೆ.

"ಕುಣೀಲಿ ಬಿಡಮ್ಮ. ನನ್ನ ಕಂಡ್ರೆ ಕುಣೀತವೆ, ನಿನ್ನ ಕಂಡ್ರೆ ಒಂದಾ ಮಾಡ್ಕೊತವೆ."

ಇಬ್ಬರ ನಡುವೆ ಆ ಮಗು ಲೋಟದ ಗಂಜಿಗೆ ಮೂಗು ತಾಗುವ ಹಾಗೆ ಬಗ್ಗಿ ಕುಡಿಯುತ್ತಿತ್ತು.

ಜೂನ್ ಬಂತು, ನಮ್ಮ ಕಡೆ ಚಳಿಗಾಲ. ಆಫ್ರಿಕಾದ ಮಕ್ಕಳ ದಿನಕ್ಕೆ ಪ್ರತಿ ಕ್ಲಾಸೂ ಊರವರೆದುರು ಏನಾದರೂ ಮಾಡಿ ತೋರಿಸಬೇಕು. ಒಂದನೇ ಕ್ಲಾಸಿಗೆ ಎಂದಿನಂತೆ "ನಾನು ಯಾರು". ಮಗು ಮುಂದೆ ಬಂದು ತನ್ನ ಹೆಸರು, ಎಂಬುಶೆಯ ಹೆಸರು, ಅವರಿಂದ ತನಗೆ ಬಂದ ಗುಣ ಹೇಳಬೇಕು. ಹೆಣ್ಣುಮಕ್ಕಳು ಗುಲಾಬಿ ಪಟ್ಟೆಯ ಅಂಗಿ ತೊಟ್ಟು, ಚಳಿಗೆ ನಡುಗುತ್ತಾ ಅಭ್ಯಾಸಕ್ಕೆ ನಿಂತಿದ್ದವು. ನನ್ನ ಎಂಬುಶೆ ತೈಮಿ, ನನ್ನ ಎಂಬುಶೆ ಲಾಹ್ಯಾ, ನನ್ನ ಎಂಬುಶೆ ಅಜ್ಜ. ವರ್ಷ ವರ್ಷವೂ ಫೋಯಿಬೆ ಈ ಹೆಸರುಗಳನ್ನು ಕೇಳಬೇಕು, ತಾನೇ ತಪ್ಪು ತಿದ್ದಬೇಕು. ಆ ಸಂಕಟ ಶತ್ರುವಿಗೂ ಬೇಡ.

ಕಿಟಕಿ ಪಕ್ಕದವಳ ಸರದಿ ಬಂತು. "ನಾನು ರೌನಾ. ನನ್ನ ಎಂಬುಶೆ ಮೇಮೆ ರೌನಾ. ಅವರ ಥರ ನಾನೂ ನಗ್ತೀನಿ" ಎಂದಿತು ಮಗು. ಆದರೆ ನಗಲಿಲ್ಲ.

ಕಿಟಕಿಯ ಹೊರಗಿನಿಂದ ಚಪ್ಪಾಳೆ ಕೇಳಿಸಿತು. ಹಿರಿಯ ರೌನಾ ಸರಳು ಹಿಡಿದು ನಿಂತಿದ್ದಳು. "ಭೇಷ್ ಎಂಬುಶೆ! ಇನ್ನೂ ಜೋರಾಗಿ ಹೇಳು. ಹೆಸರು ಉಳಿಸೋರು ಒಬ್ರೂ ಇಲ್ದೇ ಇರೋರ ಕಿವಿಗೂ ಬೀಳ್ಲಿ!"

ಹಿರಿಯರು ಹೇಳಿದ ಮೇಲೆ ಮಗು ಏನು ಮಾಡೀತು? ಕತ್ತಿನ ನರ ಉಬ್ಬುವ ಹಾಗೆ ಕೂಗಿತು. "ನಾನು ರೌನಾ! ನನ್ನ ಎಂಬುಶೆ ಮೇಮೆ ರೌನಾ!"

"ಬಾಯ್ಮುಚ್ಚೇ ರೌನಾ!"

ಬೆನ್ನ ಹಿಂದಿದ್ದ ಕೈ ಯಾವಾಗ ಮುಂದೆ ಬಂತೋ ಫೋಯಿಬೆಗೇ ತಿಳಿಯಲಿಲ್ಲ. ಕೆನ್ನೆಗೆ ಏಟು ಬಿತ್ತು. ಮಗು ಕೆಳಗೆ ಕೂತುಬಿಟ್ಟಿತು. ಫೋಯಿಬೆ ನೋಡುತ್ತಿದ್ದುದು ಮಗುವನ್ನಲ್ಲ, ಕಿಟಕಿಯನ್ನು.

"ಸಿಕ್ಕಿಬಿದ್ದೆ!" ಎಂದಳು ಹಿರಿಯ ರೌನಾ. ಮಗುವಿನ ಹತ್ತಿರ ಬರುವ ಬದಲು ನೆಟ್ಟಗೆ ಹೆಡ್‌ಮಾಸ್ಟರ್ ಕೋಣೆಗೆ ಓಡಿದಳು.

ಮಧ್ಯಾಹ್ನ ಫಿಲೆಮೋನ್‌ನನ್ನು ಕರೆಸಿದರು. ಹೈಂಬೋದಿಯ ಮೇಜಿನ ಮುಂದೆ ಇಬ್ಬರು ಮೇಮೆಯರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಅಪ್ಪನ ತೊಡೆಗೆ ಆತುಕೊಂಡಿದ್ದ ಮಗುವಿನ ಕೆನ್ನೆಯ ಮೇಲೆ ಬೆರಳುಗಳು ಇನ್ನೂ ಎದ್ದು ಕಾಣುತ್ತಿದ್ದವು.

"ಫಿಲೆಮೋನ್" ಎಂದಳು ಫೋಯಿಬೆ, "ನಿನ್ನ ಬೆರಳು ಹಿಡ್ದು ತಿದ್ದಿಸ್ದೋಳು ನಾನು. ನೀನು ಲಾರಿ ಬೋರ್ಡು ಓದ್ತಿದೀಯಲ್ಲ, ಅದು ನನ್ನಿಂದ. ನೀನೂ ಇವಳ ಜೊತೆ ಸೇರ್ಕೊಂಡು ನನ್ನ ಉಗ್ರಾಣಕ್ಕೆ ತಳ್ತೀಯೇನೋ?"

ಫಿಲೆಮೋನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಓದೋದು ನಿಮ್ಮಿಂದಾನೇ ಮೇಮೆ, ಇಲ್ಲ ಅನ್ನಲ್ಲ. ಮಗಳು ಹುಟ್ಟಿದಾಗ ಮೊದ್ಲು ನೆನಪಾಗಿದ್ದೂ ನಿಮ್ಮ ಹೆಸ್ರೇ."

ಫೋಯಿಬೆ ಒಂದು ಹೆಜ್ಜೆ ಮುಂದೆ ಬಂದಳು. "ಮತ್ತೆ?"

"ಹೆಂಡ್ತಿಗೆ ಹೇಳ್ದೆ. ಹೇಳ್ತಿದ್ದಂಗೆ ನಾನು ತಿಂದ ನಿಮ್ಮ ಕೋಲಿನೇಟು ನೆನಪಾಯ್ತು. ಹೆಸರಿನ ಜೊತೆ ಗುಣಾನೂ ಬರುತ್ತಲ್ಲ ಮೇಮೆ. ಹೆದ್ರಿಕೆ ಆಯ್ತು. ಇವರ ಹೆಸರಿಟ್ಟೆ."

ಹಿರಿಯ ರೌನಾ ಸೆರಗಿಲ್ಲದಿದ್ದರೂ ಭುಜದ ಬಟ್ಟೆಯನ್ನು ಎಳೆದು ಸರಿಪಡಿಸಿಕೊಂಡಳು, ಅಷ್ಟು ಬಿಗುಮಾನ. "ಕೇಳಿದ್ರಾ ತಾತೆ? ಇನ್ನೇನ್ ವಿಚಾರಣೆ? ಕಳ್ಸಿ ಉಗ್ರಾಣಕ್ಕೆ."

ಹೈಂಬೋದಿ ಕೈ ಅಡ್ಡ ಹಿಡಿದು ಮಗುವಿನತ್ತ ಬಗ್ಗಿದ. "ಹೆದರ್ಕೋಬೇಡ ಪುಟ್ಟಿ. ಮೇಮೆ ಫೋಯಿಬೆ ನಿನಗೆ ಹೊಡೆದ್ರಾ?"

ಮಗು ಅಪ್ಪನ ಮುಖ ನೋಡಿತು. ಆಮೇಲೆ ತಲೆ ಅಲ್ಲಾಡಿಸಿತು. "ಇಲ್ಲ ತಾತೆ."

"ಇಲ್ವಾ? ಕೆನ್ನೆ ಊದಿದೆಯಲ್ಲಮ್ಮ?"

"ನನಗೆ ಹೊಡೀಲಿಲ್ಲ. ನನ್ನ ಹೆಸ್ರು ಹಿಡ್ದು ಅವರು ಯಾವತ್ತೂ ಕರೆಯೋದೇ ಇಲ್ಲ. ಇವತ್ತು ರೌನಾ ಅಂದ್ರು. ಮೇಮೆ ರೌನಾ ಕಿಟಕೀಲಿದ್ರಲ್ಲ, ಅವರಿಗೆ ಹೊಡೆದ್ರು."

ದೂರು ಇಲ್ಲಿಗೇ ಮುಗಿಯುವುದು ಹೈಂಬೋದಿಗೂ ಬೇಕಾಗಿತ್ತು. ಮೇಲಿನವರಿಗೆ ಉತ್ತರ ಕೊಡುವ ರಗಳೆ ಯಾರಿಗೆ ಬೇಕು? ಅವನು ಫೋಯಿಬೆಯ ಕಡೆ ನೋಡಿದ. ಮಗು ಹೇಳಿದ್ದು ಹೌದು ಎಂದರೆ ಸಾಕು, ಕ್ಲಾಸು ಉಳಿಯುತ್ತಿತ್ತು.

ಫೋಯಿಬೆಯೂ ಆ ಆಸೆಗೇ ಬಿದ್ದಳು. ಮಗುವನ್ನೇ ಕೇಳಿದಳು. "ಹಂಗಾದ್ರೆ ನಿನಗೆ ನೋವಾಗ್ಲಿಲ್ಲ, ಅಲ್ವಾ?"

"ಆಯ್ತು ಮೇಮೆ" ಎಂದಿತು ಮಗು, ತಪ್ಪು ಒಪ್ಪಿಕೊಳ್ಳುವವರ ಹಾಗೆ. "ನಾನು ಮಧ್ಯದಲ್ಲಿದ್ದೆ."

ಫಿಲೆಮೋನ್ ಮಗಳನ್ನು ಎತ್ತಿಕೊಂಡ.

ಫೋಯಿಬೆ ಒಂದನೇ ಕ್ಲಾಸಿನ ಬೀಗದ ಕೈಯನ್ನು ಕುತ್ತಿಗೆಯಿಂದ ಬಿಚ್ಚಿ ಮೇಜಿನ ಮೇಲೆ ಹಾಕಿದಳು. "ಬರ್ಕೊಳ್ಳಿ ತಾತೆ. ಮಗೂಗೇ ಹೊಡೆದೆ" ಎಂದಳು. ಬಾಗಿಲ ಹತ್ತಿರ ಹೋದವಳು ತಿರುಗಿ, ಹಿರಿಯ ರೌನಾಳ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಮಗು ಬಿದ್ದಾಗ ನೀನು ಓಡಿದ್ದು ಈ ಕೋಣೆಗೆ. ಅದರ ಹತ್ರ ಬರ್ಲಿಲ್ಲ. ಅದನ್ನ ಮಗೂನೂ ನೋಡ್ತು ಕಣೇ."