ಸಮುದ್ರ ಕಾಣದ ದಾರ

ಲೂರ್ದ್‌ಗೆ ಗಂಡನ ಮಾತಿಗಿಂತ ಗಾಳದ ದಾರದ ಮೇಲೆ ನಂಬಿಕೆ ಹೆಚ್ಚು. ಈಗ ದುಬೈಯ ಕ್ಲಿನಿಕ್ಕೊಂದರಲ್ಲಿ ನರ್ಸು, ಆದರೆ ಹುಟ್ಟಿದ್ದು ಮಲ್ಪೆಯಲ್ಲಿ, ಬಲೆ ನೇಯುವವನ ಮಗಳಾಗಿ.

ಚಳಿಗೆ ಅಂಜಲ್ ಮೀನು ದಡದ ಹತ್ತಿರ ಬರುತ್ತದೆ, ದಪ್ಪ ದಾರ ಸೆಟೆದುಕೊಳ್ಳುತ್ತದೆ ಎಂದು ಗಂಡ ಮೊರಿಸ್ ತೆಳ್ಳಗಿನ ಹೊಸ ನೈಲಾನ್ ದಾರ ತಂದಿದ್ದ. ಡಿಸ್ಕವರಿ ಗಾರ್ಡನ್ಸಿನ ಮನೆಯ ನೆಲದಲ್ಲಿ ಕೂತು ರೀಲಿನಿಂದ ಹಳೆಯದನ್ನು ಬಿಚ್ಚುತ್ತಿದ್ದ. ಲೂರ್ದ್ ಆ ಹಳೇ ದಾರವನ್ನು ಬೆರಳ ಸಂದಿಯಲ್ಲಿ ಎಳೆದು ನೋಡಿದಳು. ಒಂದು ಗೀರಿಲ್ಲ, ಉಪ್ಪಿನ ತರಿಯಿಲ್ಲ. ರಜೆ ಬಂದರೆ ಸಾಕು ಗಾಳ ಹೊತ್ತು ಹೊರಡುವ ಈ ಮನುಷ್ಯ ಮೀನಿನ ಹುರುಪೆಯನ್ನೂ ಮನೆಗೆ ತಂದಿರಲಿಲ್ಲ. ಹೆಂಗಸೋ, ಇಸ್ಪೀಟೋ?

ಹೊಸ ರೋಲಿಗೆ ಸ್ಕ್ರೂಡ್ರೈವರ್ ತೂರಿಸಿ ಅವಳ ಕೈಗೆ ಕೊಟ್ಟ. ಸುತ್ತುವಾಗ ಸಡಿಲ ಬಿಟ್ಟರೆ ಆಮೇಲೆ ಎಸೆಯುವಾಗ ದಾರ ಗೋಜಲಾಗುತ್ತದೆ. ಅರ್ಧ ಸುತ್ತಿದ್ದಾಗ ಆಕೆ ರೋಲನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲಿಸಿದಳು.

"ಆ ಹಳೇ ದಾರ ಸಮುದ್ರ ನೋಡಿದ್ದುಂಟಾ?"

ಮೊರಿಸ್ ಮೊದಲು ರೇಗಿದ, ಆಮೇಲೆ ಬಾಯಿಬಿಟ್ಟ. ಮುಸಫ್ಫಾದಲ್ಲಿ ಅವನು ಫೋರ್‌ಮನ್ ಆಗಿರುವ ವರ್ಕ್‌ಶಾಪಿನಲ್ಲಿ ಫ್ಲಾಯ್ಡ್ ಎಂಬ ಹುಡುಗನ ಬೆರಳುಗಳು ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ತುಂಡಾಗಿದ್ದವು. ಕೆಲಸ ಬೇಗ ಆಗಲೆಂದು ಕೈ ಸಿಗದಂತೆ ಯಂತ್ರಕ್ಕಿದ್ದ ತಡೆ ತೆಗೆಸಿದ್ದು ಮಾಲಕರು. ಈಗ ತಪ್ಪೆಲ್ಲ ಫ್ಲಾಯ್ಡ್‌ನದೇ ಎನ್ನುತ್ತಿದ್ದರು. ಕಣ್ಣಾರೆ ಕಂಡವರನ್ನು ಸಾಕ್ಷಿಗೆ ಒಪ್ಪಿಸಲು ಮೊರಿಸ್ ರಜೆಯ ದಿನ ಕಾರ್ಮಿಕರ ಕ್ಯಾಂಪಿನ ಕೋಣೆ ಕೋಣೆ ಅಲೆಯುತ್ತಿದ್ದ. ಗಾಳ ಬರೀ ನೆಪ. ಮಾಲಕರಿಗೆ ಗೊತ್ತಾದರೆ ವೀಸಾ ಕ್ಯಾನ್ಸಲ್, ಖಲಾಸ್.

ಹೆಂಗಸಾಗಿದ್ದರೆ ಎರಡು ಬಾರಿಸಿ ಸರಿ ಮಾಡಬಹುದಿತ್ತು ಎಂದು ಲೂರ್ದ್ ಗೊಣಗಿದಳು.

"ನಿಮ್ಮ ಟೈಮ್‌ಕೀಪರ್ ಶಾಮಸುಂದರ ಮೊನ್ನೆ ಫೋನ್ ಮಾಡಿದ್ದ. 'ಮೀನೆಲ್ಲ ನೀವೇ ತಿನ್ನೋದಾ ಅಕ್ಕಾ' ಅಂತ."

ಮೊರಿಸ್ ರೀಲನ್ನು ನೆಲಕ್ಕಿಟ್ಟ. ಶಾಮಸುಂದರ ಮ್ಯಾನೇಜರನ ಕಿವಿ, ಕೇಳಿದ್ದನ್ನೆಲ್ಲ ಅಲ್ಲಿಗೆ ಮುಟ್ಟಿಸುವವನು.

"ನೀನೆಂಥ ಹೇಳಿದೆ?"

"ಮೀನು ತುಂಬಿ ಫ್ರಿಜ್ಜಲ್ಲಿ ಜಾಗ ಇಲ್ಲ ಅಂದೆ. ನಿನ್ನ ಮೇಲೆ ನನಗೆ ಡೌಟು ಇದ್ರೆ ಅದು ನನ್ನದು. ಅವನಿಗೆಂಥ?"

ಈ ಸಲ ಶಾಮಸುಂದರನನ್ನೇ ಕರೆದುಕೊಂಡು ಸಮುದ್ರಕ್ಕೆ ಹೋಗು, ಸಂಜೆವರೆಗೆ ಬಿಡಬೇಡ ಎಂದಳು. ರೋಲು ಮತ್ತೆ ತಿರುಗಿತು.

ರಜೆಯ ದಿನ ಗಂಡಸರಿಬ್ಬರೂ ದಡದಲ್ಲಿ ಗಾಳ ಎಸೆಯುತ್ತ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿದ್ದ ಹೊತ್ತಿಗೆ ಲೂರ್ದ್ ಮುಸಫ್ಫಾದ ಕ್ಯಾಂಪಿನ ಗೇಟಿನಲ್ಲಿದ್ದಳು. ಕಾವಲಿನವನು ಅವಳನ್ನು ಮೇಲಿಂದ ಕೆಳಗೆ ನೋಡಿ ಚೀಲ ತೆರೆಸಿದ. ಹತ್ತಿ, ಬ್ಯಾಂಡೇಜು, ಡೆಟಾಲ್. ನರ್ಸೆಂದು ಒಳಗೆ ಬಿಟ್ಟ. ಫ್ಲಾಯ್ಡ್‌ನ ಕೈಯ ಪಟ್ಟಿ ಬಿಚ್ಚಿ, ಗಾಯ ಕೋಣೆಯಲ್ಲಿದ್ದ ಕೆಲಸಗಾರರಿಗೆಲ್ಲ ಕಾಣುವ ಹಾಗೆ ಕಿಟಕಿಯ ಬೆಳಕಿಗೆ ಹಿಡಿದು, ಅಂದು ಪ್ರೆಸ್ಸಿನ ಹತ್ತಿರ ಯಾರ್‍ಯಾರು ಇದ್ದಿರಿ ಎಂದು ಕೇಳಿದಳು.