ಹಂಚಿನ ಕಾರ್ಖಾನೆಯ ಮೂರು ಕೂಗು

ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ನಾನು ಕಚೇರಿಯ ಜಗಲಿಗೆ ತೂಗುಹಾಕಿದ ಕಂಬಿಯನ್ನು ಸುತ್ತಿಗೆಯಿಂದ ಮೂರು ಸಲ ಹೊಡೆದೆ. ಗಡಿಯಾರ ನೋಡುತ್ತಲೇ ಹೊಡೆದಿದ್ದರಿಂದ ಹೊತ್ತಿನ ಬಗ್ಗೆ ಸಂಶಯವಿಲ್ಲ. ಮೂರನೆಯ ಏಟಿನ ಸದ್ದು ಅಡಗುವ ಮೊದಲೇ ಮಣ್ಣಿನ ಮಿಲ್ಲಿನ ಕಡೆಯಿಂದ ಒಂದು ಕೂಗು ಬಂತು. ಹೆಂಗಸಿನ ಕೂಗು. ನನಗೆ ಮೊದಲು ಬಂದದ್ದು ಸಿಟ್ಟು. ಕೂಗಬಾರದೆಂದು ಹೇಳಿದ ಮೇಲೂ ಕೂಗುತ್ತಾರಲ್ಲ ಎಂದುಕೊಂಡು ಸುತ್ತಿಗೆಯನ್ನು ಮೊಳೆಗೆ ತಗುಲಿಹಾಕಿದೆ.

ಸುತ್ತಿಗೆ ತಗುಲಿಹಾಕಲು ಎಷ್ಟು ಹೊತ್ತು ಬೇಕು? ಎರಡು ಉಸಿರು, ಹೆಚ್ಚೆಂದರೆ ಮೂರು. ಆಮೇಲಿನ ಎಷ್ಟೋ ತಿಂಗಳು ಹಾಸಿಗೆಯಲ್ಲಿ ಬಿದ್ದುಕೊಂಡು ನಾನು ಅದನ್ನೇ ಅಳೆದಿದ್ದೇನೆ.

ದಾವಣಗೆರೆಯ ನನ್ನ ಜನಕ್ಕೆ ಇದನ್ನು ಮೊದಲಿನಿಂದ ಹೇಳಬೇಕು. ಕನ್ನಡ ನಾಡು ಒಂದಾದ ಎರಡು ವರ್ಷಕ್ಕೆ, ಬಿ.ಎಸ್ಸಿ. ಮುಗಿಸಿ, ಆಗುಂಬೆ ಘಾಟಿ ಇಳಿದು ಉದ್ಯಾವರದ ಹೊಳೆಯ ಹತ್ತಿರದ ಒಂದು ಹಂಚಿನ ಕಾರ್ಖಾನೆಗೆ ಬಂದೆ. ಸಹಾಯಕ ವ್ಯವಸ್ಥಾಪಕನ ಕೆಲಸ. ಕನ್ನಡದ ಊರಿಗೇ ಹೋಗುತ್ತಿದ್ದೇನೆ, ಭಾಷೆಯ ಚಿಂತೆಯಿಲ್ಲ ಎಂದು ಅವ್ವನಿಗೆ ಹೇಳಿ ಬಂದಿದ್ದೆ. ಬಂದು ನೋಡಿದರೆ ಮಣ್ಣು ತುಳಿಯುವವರದು ತುಳು, ಇಂಜಿನ್ ಕೋಣೆಯಲ್ಲಿ ಬ್ಯಾರಿ ಭಾಷೆ, ನಾನು ಬಾಡಿಗೆಗಿದ್ದ ಮನೆಯಲ್ಲಿ ಕೊಂಕಣಿ. ನಾನು ಹತ್ತಿರ ಹೋದ ಕೂಡಲೇ ಎಲ್ಲರೂ ಶುದ್ಧವಾದ ಕನ್ನಡಕ್ಕೆ ಬರುತ್ತಿದ್ದರು, ಮನೆಗೆ ನೆಂಟರು ಬಂದಾಗ ಒಗೆದ ಅಂಗಿ ಹಾಕಿಕೊಂಡಂತೆ. ನಮ್ಮ ಕಡೆ ಯಾರೂ ಆಡದಷ್ಟು ಅಚ್ಚುಕಟ್ಟಾದ ಮಾತು. ನನಗೆ ಅದು ಸ್ವಾಗತವೆಂದೇ ಕಂಡಿತು.

ಮನೆಯ ಒಡತಿ ಸೆರಾಫಿನ ಬಾಯಿ ಎಂಬ ವಿಧವೆ. ಕುಚ್ಚಲಕ್ಕಿಯ ಗಂಜಿ ಉಣ್ಣಲು ನನಗೆ ಕಲಿಸಿದವರು ಅವರೇ. ರೊಟ್ಟಿ ತಿಂದು ಬೆಳೆದ ಗಂಟಲಿಗೆ ಆ ದಪ್ಪ ಅನ್ನ ಮೊದಲು ಇಳಿಯುತ್ತಲೇ ಇರಲಿಲ್ಲ. ಮೀನು ತಿನ್ನದವನಿಗೆ ವಾಸನೆ ಆಗಬಾರದೆಂದು ಅವರು ಅಂಗಳದಾಚೆಯ ಬಚ್ಚಲೊಲೆಯಲ್ಲಿ, ಹೊಗೆಯಲ್ಲಿ ಕೂತು ಮೀನು ಬೇಯಿಸುತ್ತಿದ್ದರು. ಅದು ನನಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ, ನೆರೆಯವರಿಂದ.

"ಮೊದಲೇ ಹೇಳಬಾರದಿತ್ತೇ ಬಾಯಿ?" ಎಂದೆ.

"ಎಂತ ಹೇಳುದು? ನೀವು ಕೇಳಿದ್ರಾ?"

ನಾನು ನಕ್ಕೆ. ಇಲ್ಲಿಯ ಜನ ತಾವಾಗಿ ಏನನ್ನೂ ಹೇಳುವುದಿಲ್ಲ ಎಂದು ಅವ್ವನಿಗೆ ಕಾಗದದಲ್ಲಿ ತಮಾಷೆಯಾಗಿ ಬರೆದೆ. ಆಗಲೇ ಎಚ್ಚರವಾಗಬೇಕಿತ್ತು.

ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಉಗಿಯಂತ್ರ. ಅದರಿಂದ ಕಟ್ಟಡದ ಉದ್ದಕ್ಕೂ ತಿರುಗುವ ಒಂದು ಕಬ್ಬಿಣದ ದಂಡ, ದಂಡದಿಂದ ಒಂದೊಂದು ಯಂತ್ರಕ್ಕೂ ಚರ್ಮದ ಪಟ್ಟಿ. ಉಗಿ ಬಿಟ್ಟರೆ ಎಲ್ಲವೂ ಒಟ್ಟಿಗೆ ತಿರುಗುತ್ತಿದ್ದವು. ಇಂಜಿನ್ ನೋಡಿಕೊಳ್ಳುವವರು ಇಸ್ಮಾಲಿ ಬ್ಯಾರಿ, ನನ್ನ ತಂದೆಯ ವಯಸ್ಸಿನವರು. ಊಟದ ವಿರಾಮ ಮುಗಿದ ಮೇಲೆ ಅವರು ಬಾಗಿಲಲ್ಲಿ ನಿಂತು ನೀಳವಾಗಿ "ಕೂ..." ಎಂದು ಕೂಗುವರು. ಮಣ್ಣಿನ ಮಿಲ್ಲಿನಿಂದ ವಾರಿಜ ಎಂಬ ಹೆಂಗಸು "ಓ..." ಎನ್ನುವಳು. ಆಮೇಲೆ ಹಂಚು ಒತ್ತುವ ಅಚ್ಚಿನ ಸಾಲಿನಿಂದ ಒಂದು ಓ, ಕೊನೆಗೆ ಹಂಚು ಒಣಗಿಸುವ ಅಟ್ಟದಿಂದ ಒಂದು. ಮೂರೂ ಬಂದ ಮೇಲೆಯೇ ಉಗಿ. ಒಂದು ಬಾರದಿದ್ದರೆ ಮತ್ತೆ ಕೂಗುವರು, ಇಲ್ಲವೆ ಹೋಗಿ ನೋಡುವರು. ನಡುವೆ ತುಳುವಿನಲ್ಲಿ ಚೇಷ್ಟೆಯೂ ನಡೆಯುತ್ತಿತ್ತು. "ಇನ್ನೂ ಎಲೆ ನೆಕ್ಕುದಾ?" ಎಂದು ಇವರು, "ನಿಮ್ಮ ಇಂಜಿನಿಗೆ ಹೊಟ್ಟೆ ತುಂಬಿತಾ ಬ್ಯಾರಿಗಳೇ?" ಎಂದು ಅವಳು. ಆ ಮಾತುಗಳ ಅರ್ಥ ನನಗೆ ಹೊಳೆದದ್ದು ಬಹಳ ತಡವಾಗಿ.

ಆಗ ಅದು ನನಗೆ ಬರೀ ಗದ್ದಲವೆನಿಸಿತ್ತು. ನಮ್ಮ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಸೈರನ್ ಕೂಗಿದರೆ ಸಾವಿರ ಜನ ಎದ್ದು ನಿಲ್ಲುತ್ತಾರೆ. ಸೈರನ್ನಿಗೆ ಯಾರೂ ಉತ್ತರ ಕೊಡುವುದಿಲ್ಲ. ಅದನ್ನು ಕೇಳಿಯೇ ಬೆಳೆದ ನಾನು ಮಂಗಳೂರಿನಿಂದ ರೈಲುಕಂಬಿಯ ಒಂದು ತುಂಡು ತರಿಸಿ ಕಚೇರಿಯ ಜಗಲಿಗೆ ತೂಗುಹಾಕಿಸಿದೆ.

"ಇನ್ನು ಕೂಗುವುದು ಬೇಡ, ಕಂಬಿ ಹೊಡೆದರೆ ಎಲ್ಲರಿಗೂ ಒಂದೇ ಸಲಕ್ಕೆ ಗೊತ್ತಾಗುತ್ತದಲ್ಲವೇ?" ಎಂದು ಇಸ್ಮಾಲಿ ಬ್ಯಾರಿಯವರನ್ನು ಕೇಳಿದೆ.

"ಗೊತ್ತಾಗ್ತದೆ ಸಾರ್."

"ಹೊತ್ತು ಉಳಿಯುತ್ತದೆ."

"ಉಳೀತದೆ ಸಾರ್."

"ಏನಾದರೂ ತೊಂದರೆ?"

ಅವರು ವಾರಿಜಳ ಕಡೆ ನೋಡಿದರು. ಅವಳು ನೆಲ ನೋಡಿದಳು. "ನೀವು ಹೇಳಿದ ಮೇಲೆ ಎಂತ ತೊಂದರೆ?" ಎಂದರು.

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ.

ಕಂಬಿ ಹೊಡೆಯತೊಡಗಿದ ಹನ್ನೊಂದನೆಯ ದಿನ ಒಂದು ಬೇರಿನ ಗಂಟು ಮಿಲ್ಲಿನ ಅಲಗಿಗೆ ಸಿಕ್ಕಿಕೊಂಡಿತ್ತು. ಮಿಲ್ಲೆಂದರೆ ಆಳೆತ್ತರದ ಕಬ್ಬಿಣದ ಪೀಪಾಯಿ, ಒಳಗೆ ಮಣ್ಣು ಕಡಿಯುವ ಅಲಗುಗಳು. ಊಟದ ವಿರಾಮದಲ್ಲಿ ಯಂತ್ರ ನಿಂತಿರುತ್ತದೆಂದು ವಾರಿಜ ಗಂಟು ಬಿಡಿಸಲು ಒಳಗೆ ಇಳಿದಳು. ಕೂಗಿನ ಕಾಲವಾಗಿದ್ದರೆ ಅವಳು ಓಗೊಡದೆ ಉಗಿ ಬರುತ್ತಿರಲಿಲ್ಲ. ಕಂಬಿ ಅವಳಿಗೆ ಚೆನ್ನಾಗಿಯೇ ಕೇಳಿಸಿತು. ತಾನು ಒಳಗಿದ್ದೇನೆಂದು ತಿಳಿಸಲು ಮಾತ್ರ ಅವಳಿಗೆ ದಾರಿ ಉಳಿದಿರಲಿಲ್ಲ. ಆದ್ದರಿಂದ ಕೂಗಿದಳು. ಇಸ್ಮಾಲಿ ಬ್ಯಾರಿಯವರ ಕೈ ಅಷ್ಟರಲ್ಲಿ ಉಗಿಯ ಚಕ್ರ ತಿರುಗಿಸಿಯಾಗಿತ್ತು. ನಾನು ಸುತ್ತಿಗೆ ತಗುಲಿಹಾಕುತ್ತಿದ್ದೆ.

ಎರಡನೆಯ ಕೂಗು ಬೇರೆ ತರಹದ್ದು. ಬ್ಯಾರಿಯವರು ಕೂಡಲೇ ಉಗಿ ಮುಚ್ಚಿದರು. ಆದರೆ ಉಗಿ ನಿಂತ ಮಾತ್ರಕ್ಕೆ ಇಂಜಿನಿನ ದೊಡ್ಡ ಗಾಲಿ ನಿಲ್ಲುವುದಿಲ್ಲ. ಅಚ್ಚಿನ ಸಾಲಿನ ಹೆಂಗಸೊಬ್ಬಳು ಓಡಿ ಬಂದು ಬಿದಿರಿನ ಗಳದಿಂದ ಪಟ್ಟಿಯನ್ನು ಕಳಚಿದಳು. ಅಲಗು ಒಂದೂವರೆ ಸುತ್ತು ತಿರುಗಿತ್ತು. ನಾನು ಹೋಗಿ ನೋಡುವಾಗ ವಾರಿಜಳ ಮುಖ ಪೀಪಾಯಿಯ ಬಾಯಿಯಲ್ಲಿತ್ತು. ಮೈಯೆಲ್ಲ ಮಣ್ಣು, ಕಣ್ಣು ಮಾತ್ರ ಬೆಳ್ಳಗೆ. ನನ್ನನ್ನು ಕಂಡು ಅವಳು ಹೇಳಿದಳು, "ಎಂತದೂ ಆಗ್ಲಿಲ್ಲ ಸಾರ್." ಬಲಗಾಲು ಮೊಣಕಾಲಿನ ಕೆಳಗೆ ತಿರುಚಿಕೊಂಡಿತ್ತು.

ಹಂಚಿನ ಲಾರಿಯಲ್ಲಿ ಹುಲ್ಲು ಹಾಸಿ ಉಡುಪಿಯ ಆಸ್ಪತ್ರೆಗೆ ಕರೆದೊಯ್ದರು. ಕಾಲು ಉಳಿಯುತ್ತದೋ ಇಲ್ಲವೋ ವಾರದ ಮೇಲೆಯೇ ಹೇಳಬಹುದು ಎಂದರು ಡಾಕ್ಟರು.

ಮರುದಿನ ಯಾರೂ ಅಪ್ಪಣೆ ಕೊಡಲಿಲ್ಲ. ಎರಡು ಗಂಟೆಗೆ ಇಸ್ಮಾಲಿ ಬ್ಯಾರಿಯವರು ಬಾಗಿಲಿಗೆ ಬಂದು ಕೂಗಿದರು. ಮಣ್ಣಿನ ಮಿಲ್ಲಿನಿಂದ ಉತ್ತರವಿಲ್ಲ. ಅಲ್ಲಿಂದ ಓಗೊಡುತ್ತಿದ್ದವಳು ಆಸ್ಪತ್ರೆಯಲ್ಲಿದ್ದಳು. ಮತ್ತೆ ಕೂಗಿದರು. ಕೊನೆಗೆ ಇನ್ಯಾರೋ ಹೆಂಗಸು ಸಣ್ಣ ದನಿಯಲ್ಲಿ ಓ ಎಂದಳು. ಅಂದಿನಿಂದ ದಿನವೂ ಎರಡು ಗಂಟೆಗೆ ಜಗಲಿಗೆ ಬಂದು ಆ ಮೂರನ್ನು ಎಣಿಸುವುದು ನನ್ನ ರೋಗವಾಯಿತು. ರಾತ್ರಿ ಕಣ್ಣು ಮುಚ್ಚಿದರೆ ಎರಡು ಬರುತ್ತಿದ್ದವು, ಮಿಲ್ಲಿನದು ಬರುತ್ತಿರಲಿಲ್ಲ.

"ಯಾಕೆ ಹೇಳಲಿಲ್ಲ ನೀವು?" ಎಂದು ಬ್ಯಾರಿಯವರನ್ನು ಕೇಳಿದೆ.

"ಓದಿದವರು, ಯೋಚನೆ ಮಾಡಿರ್ತಾರೆ ಅಂತ ನಾವು. ನಾವು ಒಪ್ಪಿದ್ದೇವೆ ಅಂತ ನೀವು. ಹಾಗೆ ಆದದ್ದು ಸಾರ್." ಅವರು ಬಲಗೈ ಮುಂದೆ ಚಾಚಿದರು. "ಚಕ್ರ ತಿರುಗಿಸಿದ ಕೈ ನನ್ನದಲ್ವಾ?"

ನನಗಿಂತ ಅವರ ಸ್ಥಿತಿ ಕೆಟ್ಟದಿತ್ತು. ಅದೂ ನನಗೆ ಕೇಳಿದ ಮೇಲೆಯೇ ಗೊತ್ತಾದದ್ದು.

ವ್ಯವಸ್ಥಾಪಕರು ಅಪಘಾತದ ಪುಸ್ತಕದಲ್ಲಿ "ಕೆಲಸಗಾರ್ತಿಯ ಅಜಾಗರೂಕತೆ" ಎಂದು ಬರೆದರು. ನಾನು ಕೆಳಗೆ ಸಹಿ ಹಾಕಿದೆ. ಕೆಲಸ ಹೋದರೆ ಅಪ್ಪನಿಗೆ ಏನು ಹೇಳಲಿ ಎಂಬ ಭಯ. ಕೆಲಸಗಾರರನ್ನು ವಿಚಾರಿಸಿದಾಗ ಅವರೂ ಒಗೆದಿಟ್ಟ ಕನ್ನಡದಲ್ಲಿ, "ಸಾರ್ ಅವರದ್ದು ಏನೂ ತಪ್ಪಿಲ್ಲ" ಎಂದರು.

ಕಾಲು ಉಳಿಯಿತು, ಆದರೆ ಗಿಡ್ಡವಾಯಿತು. ಪ್ರತಿ ಭಾನುವಾರ ಬಸ್ಸು ಹಿಡಿದು ಉಡುಪಿಗೆ ಹೋಗಿ ವಾರಿಜಳ ಮಂಚದ ಪಕ್ಕ ಕಿತ್ತಳೆಯ ಪೊಟ್ಟಣ ಇಟ್ಟು ನಿಲ್ಲುತ್ತಿದ್ದೆ. "ಹೇಗಿದೆ?" "ಒಳ್ಳೆದುಂಟು ಸಾರ್." ಅಷ್ಟೇ ಮಾತು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ "ಒಳ್ಳೆದುಂಟು" ತಡೆಯಲಾಗುತ್ತಿರಲಿಲ್ಲ.

ದೀಪಾವಳಿಗೆ ಊರಿಗೆ ಬಂದಾಗ ನಾನೇಕೆ ಸೊರಗಿದ್ದೇನೆಂದು ನೀವೆಲ್ಲ ಕೇಳಿದಿರಿ. ನೀರು ಒಗ್ಗಲಿಲ್ಲ ಎಂದೆ. ಗಿರಣಿಯ ಸೈರನ್ ಕೂಗಿತು. ಪಾಳಿಗೆ ಹೋಗಬೇಕಿದ್ದ ಅಪ್ಪ ತಟ್ಟೆ ಬಿಟ್ಟು ಎದ್ದರು. ನಾನು ಉತ್ತರಕ್ಕೆ ಕಿವಿಗೊಟ್ಟು ಕೂತಿದ್ದೆ.

"ಅಪ್ಪಾ, ಅದು ಕೂಗಿದಾಗ ಯಾರಾದ್ರೂ ಮಿಷಿನ್ ಒಳಗಿದ್ರೆ?"

"ಒಳಗ್ಯಾಕಿರ್ತಾರೋ? ಕೂಗೈತಲ್ಲ!" ಎಂದು ಅಪ್ಪ ಚಪ್ಪಲಿ ಮೆಟ್ಟಿ ಹೊರಟರು. ಅವರ ಎಡಗೈಯ ಎರಡು ಬೆರಳು ನಾನು ಹುಟ್ಟುವ ಮೊದಲಿನಿಂದಲೂ ಮೋಟು. ಹೇಗಾಯಿತೆಂದು ನಾನು ಎಂದೂ ಕೇಳಿದವನಲ್ಲ. ಅಂದೂ ಕೇಳಲಿಲ್ಲ. ನಮ್ಮ ಮನೆಯ ಹಾಸಿಗೆಯಲ್ಲೂ ನಿದ್ದೆ ಹತ್ತಲಿಲ್ಲ.

ಮಾಘದ ಹೊತ್ತಿಗೆ ವಾರಿಜ ಕೋಲೂರಿಕೊಂಡು ಕೆಲಸಕ್ಕೆ ಬಂದಳು. ಕೂತು ಮಾಡುವ ಕೆಲಸ, ಸುಟ್ಟ ಹಂಚನ್ನು ಬೆರಳಿನಿಂದ ತಟ್ಟಿ ಬಿರುಕು ಹುಡುಕುವುದು. ನಾನು ಹೋಗಿ, "ಹೇಗಿದೆ ವಾರಿಜಕ್ಕ? ಕಿತ್ತಳೆ ತರಲೇ?" ಎಂದೆ.

ಅವಳು ಕೈಯಲ್ಲಿದ್ದ ಹಂಚನ್ನು ಕೆಳಗಿಟ್ಟಳು.

"ಎಂತ ಜನ ಮಾರಾಯ್ರೆ ನೀವು! ಒಂಬತ್ತು ವಾರ ಕಿತ್ತಳೆ ತಂದ್ರಿ. ನನಗೆ ಹುಳಿ ಆಗ್ತದಾ ಅಂತ ಒಂದು ದಿನ ಕೇಳಿದ್ರಾ? ಪಕ್ಕದ ಮಂಚದವಳು ತಿಂದು ದಪ್ಪ ಆದ್ಲು!" ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. "ಪುಸ್ತಕದಲ್ಲಿ ನನ್ನದೇ ತಪ್ಪು ಅಂತ ಬರೆದದ್ದು ನಮಗೆ ಗೊತ್ತಿಲ್ವಾ? ಹದಿನಾಲ್ಕು ವರ್ಷ ಆ ಮಿಲ್ಲು ನೋಡಿದವಳು ನಾನು. ಅಜಾಗರೂಕತೆಯಂತೆ!"

ಅಲ್ಲಿಂದ ಮುಂದೆ ತುಳು. ಏರಿದ ದನಿ, ತಡೆಯಿಲ್ಲದ ಮಾತು. ಅರ್ಧ ನನಗೆ ತಿಳಿಯಲಿಲ್ಲ, ತಿಳಿದ ಅರ್ಧವನ್ನು ಇಲ್ಲಿ ಬರೆಯಲಾರೆ. ಇಸ್ಮಾಲಿ ಬ್ಯಾರಿಯವರು ಓಡಿ ಬಂದು, "ವಾರಿಜಾ, ಸಾಕು" ಎಂದರು. "ಬೇಡ, ಹೇಳಲಿ" ಎಂದೆ. ಅವಳು ಹೇಳಿದಳು. ಮುಗಿಯುವವರೆಗೆ ನಿಂತು ಕೇಳಿದೆ.

ಅಲ್ಲಿಂದ ನೇರ ಕಚೇರಿಗೆ ಹೋಗಿ ಪುಸ್ತಕ ತೆಗೆದು ಆ ಸಾಲನ್ನು ಹೊಡೆದು ಹಾಕಿದೆ. ಓಗೊಡುವ ಕ್ರಮವನ್ನು ನಿಲ್ಲಿಸಿದವನು ನಾನು, ಒಳಗೆ ಯಾರಿದ್ದಾರೆಂದು ತಿಳಿಯದೆ ಕಂಬಿ ಹೊಡೆದವನೂ ನಾನೇ ಎಂದು ಬರೆದು ಹೆಸರು ಹಾಕಿದೆ.

ವ್ಯವಸ್ಥಾಪಕರು ಕನ್ನಡಕ ತೆಗೆದರು. "ಇನ್ಸ್‌ಪೆಕ್ಟರು ಇದನ್ನು ಓದ್ತಾರೆ ಮಾರಾಯ್ರೆ. ನಾಳೆ ನಿಮ್ಮ ಕೆಲಸ ಉಂಟೋ ಇಲ್ವೋ ನನಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ" ಎಂದೆ.

ಅದು ಗುರುವಾರ. ಕೆಲಸ ಹೋಗುವ ಭಯ ಇದ್ದೇ ಇತ್ತು, ಆದರೂ ಮಲಗಿದವನಿಗೆ ಎಚ್ಚರವಾದದ್ದು ಶುಕ್ರವಾರ ಬೆಳಿಗ್ಗೆ ಬಾಗಿಲು ಬಡಿಯುವ ಸದ್ದಿಗೆ. ಬಿಸಿಲು ಮಂಚದವರೆಗೆ ಬಂದಿತ್ತು. ವಾರಿಜಳ ಕಾಲು ಇನ್ನು ನೆಟ್ಟಗಾಗುವುದಿಲ್ಲ, ನನಗೆ ಮಾತ್ರ ನಿದ್ದೆ ಬಂತು. ಇದು ನ್ಯಾಯವಲ್ಲವೆಂದು ನನಗೆ ಗೊತ್ತು.

"ಏಳೂವರೆ ಆಯ್ತು. ಜೀವ ಉಂಟಾ?" ಎಂದು ಹೊರಗಿನಿಂದ ಸೆರಾಫಿನ ಬಾಯಿ.

"ಉಂಡು" ಎಂದೆ, ನಿದ್ದೆಗಣ್ಣಿನಲ್ಲಿ, ತುಳುವಿನಲ್ಲಿ.

ಬಾಯಿ ನಕ್ಕರು. "ಅದು ಕಾರ್ಖಾನೆಯ ಮಾತು. ಈ ಮನೆಯಲ್ಲಿ ಕೊಂಕಣಿ, 'ಆಸಾ' ಅನ್ಬೇಕು."

ಅವ್ವ ಕೇಳಿದ್ದರೆ "ಐತಿ" ಎನ್ನುತ್ತಿದ್ದೆ. ಬಾಗಿಲು ತೆರೆಯುವ ಮೊದಲು ಮೂರನ್ನೂ ಒಮ್ಮೆ ಬಾಯಲ್ಲಿ ಆಡಿ ನೋಡಿದೆ. ಮೂರರಲ್ಲೂ ನಾಲಿಗೆ ಸ್ವಲ್ಪ ತೊದಲಿತು.